ಮಾರಿಯೋ ಎಂಬ ಮಾತಿಲ್ಲದ ಮೇಷ್ಟ್ರು

ಒಂದು ಪರದೆಯನ್ನು ಕಲ್ಪಿಸಿಕೊಳ್ಳಿ. ಮೇಲೆ ತಿಳಿನೀಲಿ ಆಕಾಶ, ಕೆಳಗೆ ಕಂದು ಬಣ್ಣದ ನೆಲ. ಎಡಗಡೆ ಟೋಪಿ ತೊಟ್ಟ ಪುಟ್ಟ ಮನುಷ್ಯನೊಬ್ಬ ನಿಂತಿದ್ದಾನೆ. ಅವನ ಮುಖ ಬಲಕ್ಕೆ ತಿರುಗಿದೆ, ಬಲಗಡೆ ಬಯಲು ಖಾಲಿ ಬಿದ್ದಿದೆ. ಏನು ಮಾಡಬೇಕೆಂದು ಎಲ್ಲಿಯೂ ಬರೆದಿಲ್ಲ. ನಿಮ್ಮ ಕೈಯಲ್ಲಿ ಕೆಲವೇ ಗುಂಡಿಗಳಿರುವ ಒಂದು ಚಪ್ಪಟೆ ಸಾಧನವಿದೆ, ಅಷ್ಟೆ. ನೀವು ಏನು ಮಾಡುವಿರಿ? ಬಲಕ್ಕೆ ನಡೆಯುವಿರಿ. ಎಲ್ಲರೂ ಹಾಗೆಯೇ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದೆ, ಸುಮಾರು ಮೂವತ್ತು ವರ್ಷಗಳ ಹಿಂದೆ, ಪಕ್ಕದ ಮನೆಯವರ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು.

ಅದು ಜಪಾನಿನ ನಿಂಟೆಂಡೋ ಸಂಸ್ಥೆ 1985ರ ಸೆಪ್ಟೆಂಬರ್ 13ರಂದು ಹೊರತಂದ 'ಸೂಪರ್ ಮಾರಿಯೋ ಬ್ರದರ್ಸ್' ಎಂಬ ಆಟ. ಓಡುತ್ತ, ಹಾರುತ್ತ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ನೆಗೆಯುತ್ತ ಸಾಗಬೇಕಾದ ಇಂಥ ಆಟಗಳನ್ನು 'ಪ್ಲಾಟ್‌ಫಾರ್ಮ್' ಆಟಗಳೆಂದು ಕರೆಯುತ್ತಾರೆ. ಕುಂಟೆಬಿಲ್ಲೆ ಆಡಿದವರಿಗೆ ಇದರ ಮೂಲ ಸುಖವನ್ನು ವಿವರಿಸಿ ಹೇಳಬೇಕಾಗಿಲ್ಲ: ಗೆರೆ ತುಳಿಯದೆ ಹಾರಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಅಂದು ನಮ್ಮ ಊರಿನಲ್ಲಿ ಸಿಗುತ್ತಿದ್ದ 'ಟಿವಿ ಗೇಮ್' ಪೆಟ್ಟಿಗೆ ಅಸಲಿ ಯಂತ್ರವಾಗಿರಲಿಲ್ಲ, ನಿಂಟೆಂಡೋದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲು ಎಂಬುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಅದಕ್ಕೆ ಸಿಕ್ಕಿಸುತ್ತಿದ್ದ ಡಬ್ಬಿಯನ್ನು ನಾವು 'ಕ್ಯಾಸೆಟ್' ಎನ್ನುತ್ತಿದ್ದೆವು. ಅದರ ಮೇಲೆ ಸಾವಿರಾರು ಆಟಗಳಿವೆ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದವು ಬೆರಳೆಣಿಕೆಯಷ್ಟು ಆಟಗಳು, ಅವೇ ಮತ್ತೆ ಮತ್ತೆ. ಆಟ ಮೂಡದಿದ್ದರೆ ಕ್ಯಾಸೆಟ್ ತೆಗೆದು ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದೆವು. ನಿಜಕ್ಕೂ ಫಲ ಕೊಡುತ್ತಿದ್ದುದು ಉಸಿರಲ್ಲ, ತೆಗೆದು ಸಿಕ್ಕಿಸುವಾಗ ಲೋಹದ ತುದಿಗಳು ಮತ್ತೆ ಸರಿಯಾಗಿ ಕೂರುತ್ತಿದ್ದವು. ಉಸಿರಿನ ತೇವದಿಂದ ಆಗುತ್ತಿದ್ದುದು ಹಾನಿಯೇ.

ನಾನು ಶಾಲೆಯಲ್ಲಿ ಲೆಕ್ಕಕ್ಕೆ ಹೆದರುತ್ತಿದ್ದ ಹುಡುಗ. ಕರಿಹಲಗೆಯ ಮುಂದೆ ನಿಲ್ಲಿಸಿದರೆ ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು, ಏಕೆಂದರೆ ತಪ್ಪಾದರೆ ಇಡೀ ತರಗತಿ ನಗುತ್ತಿತ್ತು. ಅದೇ ಹುಡುಗ ಸಂಜೆ ಈ ಆಟದಲ್ಲಿ ಇಪ್ಪತ್ತು ಸಲ ಗುಂಡಿಗೆ ಬಿದ್ದು, ಇಪ್ಪತ್ತೊಂದನೆಯ ಸಲವೂ ನಗುತ್ತಲೇ ಎದ್ದು ಹಾರುತ್ತಿದ್ದ. ಈಗ ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಅದೇ ಲೆಕ್ಕವನ್ನು ಹೇಳಿಕೊಡುವವನು. ಹೀಗಾಗಿ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಅಲ್ಲಿ ಇಲ್ಲದ ಹೆದರಿಕೆ ಇಲ್ಲಿ ಏಕೆ ಇತ್ತು? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಮಾರಿಯೋ ಸರಣಿ ಬಿಟ್ಟುಹೋಗಿರುವ ಆಸ್ತಿ ಯಾವುದೆಂಬುದು ತಾನಾಗಿ ಕಾಣುತ್ತದೆ. ಆ ಮೊದಲ ಹಂತವನ್ನು ತುಸು ವಿವರವಾಗಿ ನೋಡೋಣ.

ಬಲಕ್ಕೆ ನಾಲ್ಕು ಹೆಜ್ಜೆ ನಡೆದಿರಿ. ಮಿನುಗುವ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯೊಂದು ಮೇಲೆ ಕಾಣುತ್ತದೆ. ಎದುರಿನಿಂದ ಹುಬ್ಬು ಗಂಟಿಕ್ಕಿಕೊಂಡ ಒಂದು ಅಣಬೆಯಂಥ ಪ್ರಾಣಿ, ಅದರ ಹೆಸರು ಗೂಂಬಾ, ನಿಧಾನವಾಗಿ ನಿಮ್ಮತ್ತ ಬರುತ್ತದೆ. ಅದು ತಾಗಿದರೆ ಸಾವು. ಆದರೆ ಎಂಥ ಸಾವು? ಆಟ ಆರಂಭವಾಗಿ ಕೆಲವೇ ಸೆಕೆಂಡುಗಳಾಗಿವೆ. ನೀವು ಕಳೆದುಕೊಂಡದ್ದು ನಾಲ್ಕು ಹೆಜ್ಜೆ ಮಾತ್ರ. ಮತ್ತೆ ಅಲ್ಲಿಗೇ ಬರುತ್ತೀರಿ, ಈ ಸಲ ಹಾರುತ್ತೀರಿ. ಅದರ ತಲೆಯ ಮೇಲೆ ಬಿದ್ದರೆ ಅದು ಅಪ್ಪಚ್ಚಿಯಾಗುತ್ತದೆ. 'ಹಾರಿದರೆ ತಪ್ಪಿಸಿಕೊಳ್ಳಬಹುದು, ಮೇಲೆ ಬಿದ್ದರೆ ಗೆಲ್ಲಬಹುದು' ಎಂಬ ಇಡೀ ಆಟದ ನಿಯಮ ಒಂದೂ ಅಕ್ಷರವಿಲ್ಲದೆ ನಿಮಗೆ ತಿಳಿದುಹೋಯಿತು.

ಮುಂದಿನದು ಇನ್ನೂ ಸೊಗಸು. ಸಾಲಾಗಿರುವ ಇಟ್ಟಿಗೆಗಳ ನಡುವಿನ ಪೆಟ್ಟಿಗೆಯೊಂದನ್ನು ತಲೆಯಿಂದ ಗುದ್ದಿದರೆ ಅದರಿಂದ ನಾಯಿಕೊಡೆಯೊಂದು ಹೊರಬರುತ್ತದೆ. ಈಗಷ್ಟೇ ಅಣಬೆಯಂಥ ಶತ್ರುವಿನಿಂದ ಪೆಟ್ಟು ತಿಂದಿರುವ ಹೊಸ ಆಟಗಾರ ಇದಕ್ಕೂ ಹೆದರುವುದು ಸಹಜ. ಆದರೆ ಈ ಅಣಬೆ ನಿಮ್ಮ ಕಡೆಗೆ ಬರುವುದಿಲ್ಲ, ಬಲಕ್ಕೆ ಜಾರುತ್ತ ದೂರ ಹೋಗುತ್ತದೆ. ನೆಲಕ್ಕಿಳಿದು, ಮುಂದಿರುವ ಹಸಿರು ಕೊಳವೆಗೆ ಬಡಿದು, ಹಿಂತಿರುಗಿ ನೇರವಾಗಿ ನಿಮ್ಮತ್ತ ಬರುತ್ತದೆ. ಹಾರಿ ತಪ್ಪಿಸಿಕೊಳ್ಳೋಣ ಎಂದರೆ ತಲೆಯ ಮೇಲೆ ಇಟ್ಟಿಗೆಯ ಸಾಲು. ಹಾರಿದವನು ಅದಕ್ಕೆ ಬಡಿದು ಅಣಬೆಯ ಮೇಲೆಯೇ ಬೀಳುವ ಸಂಭವ ಹೆಚ್ಚು. ತಾಗಿದೊಡನೆ ಮಾರಿಯೋ ದೊಡ್ಡವನಾಗುತ್ತಾನೆ! ಸಾಯುತ್ತೇನೆಂದು ಕಣ್ಣುಮುಚ್ಚಿದವನಿಗೆ ಬಹುಮಾನ. ಕೊಳವೆಯನ್ನೂ ಇಟ್ಟಿಗೆಯನ್ನೂ ಅಲ್ಲಿಟ್ಟದ್ದು ಬೇಕೆಂದೇ ಎಂಬುದನ್ನು ಆಟದ ನಿರ್ಮಾತೃ ಶಿಗೆರು ಮಿಯಾಮೊಟೊ ಮುಂದೆ ಸಂದರ್ಶನಗಳಲ್ಲಿ ವಿವರಿಸಿದ್ದಾರೆ.

ಇದೇ ಹಂತದ ಕೊನೆಯ ಭಾಗಕ್ಕೆ ಬನ್ನಿ. ಅಲ್ಲಿ ಎದುರುಬದುರಾಗಿ ಎರಡು ಮೆಟ್ಟಿಲುಗಳಿವೆ, ನಡುವೆ ಗಟ್ಟಿ ನೆಲವಿದೆ. ಒಂದರ ತುದಿಯಿಂದ ಇನ್ನೊಂದರ ತುದಿಗೆ ಹಾರಬೇಕು, ತಪ್ಪಿದರೂ ಕೆಳಗೆ ನೆಲದ ಮೇಲೆ ನಿಲ್ಲುತ್ತೀರಿ. ಅದರ ಮುಂದೆ ಮತ್ತೆ ಅಂಥದೇ ಮೆಟ್ಟಿಲ ಜೋಡಿ. ಈ ಸಲ ನಡುವೆ ನೆಲವಿಲ್ಲ, ಗುಂಡಿ. ಹಾರಾಟ ಒಂದೇ, ತಪ್ಪಿಗೆ ತೆರಬೇಕಾದ ಬೆಲೆ ಮಾತ್ರ ಬೇರೆ. ಮೊದಲು ಬೆಲೆಯಿಲ್ಲದ ತಪ್ಪು, ಅನಂತರ ಬೆಲೆಯಿರುವ ತಪ್ಪು. ನಮ್ಮ ತರಗತಿಗಳಲ್ಲಿ ಈ ಕ್ರಮ ಎಷ್ಟೋ ಸಲ ತಿರುವುಮುರುವಾಗಿದೆ ಎಂದು ನಾನು ಹೇಳಿದರೆ ನನ್ನ ಸಹೋದ್ಯೋಗಿಗಳು ಮುನಿಯಬಾರದು. ನಾನೂ ಮೊದಲ ವಾರದಲ್ಲೇ ಕಠಿಣ ಪರೀಕ್ಷೆ ಇಟ್ಟು, ಅಂಕಗಳನ್ನು ಗಟ್ಟಿಯಾಗಿ ಓದಿ ಹೇಳಿದವನೇ. ಆ ವಾರದ ನಂತರ ವಿಜ್ಞಾನವನ್ನೇ ಬಿಟ್ಟುಹೋದ ಒಬ್ಬ ಹುಡುಗನ ಮುಖ ನನಗೆ ಈಗಲೂ ನೆನಪಿದೆ. ಅವನಿಗೆ ನಾನು ಗುಂಡಿಯನ್ನೇ ಮೊದಲು ತೋರಿಸಿದ್ದೆ.

ಇನ್ನು ಹಾರಾಟದ ವಿಷಯ. ಭೌತಶಾಸ್ತ್ರ ಓದುತ್ತಿರುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ನಿಜ ಜೀವನದಲ್ಲಿ ಕಾಲು ನೆಲ ಬಿಟ್ಟ ಮೇಲೆ ನಿಮ್ಮ ಪಥ ನಿಶ್ಚಯವಾಯಿತು, ಗಾಳಿಯಲ್ಲಿ ಮನಸ್ಸು ಬದಲಾಯಿಸುವಂತಿಲ್ಲ. ಮಾರಿಯೋ ಬದಲಾಯಿಸಬಲ್ಲ. ಗುಂಡಿಯನ್ನು ತಟ್ಟಿ ಬಿಟ್ಟರೆ ಸಣ್ಣ ಹಾರಾಟ, ಒತ್ತಿ ಹಿಡಿದರೆ ಎತ್ತರದ ಹಾರಾಟ. ಇದನ್ನು ಸಾಧಿಸಿರುವುದು ಗುರುತ್ವವನ್ನೇ ಎರಡು ಬಗೆಯಾಗಿಸಿ. ಮೇಲೇರುವಾಗ ಗುಂಡಿ ಒತ್ತಿರುವಷ್ಟು ಹೊತ್ತು ಗುರುತ್ವ ಕಡಿಮೆ, ಬೆರಳು ತೆಗೆದೊಡನೆ ಹೆಚ್ಚು. ಜತೆಗೆ ಗಾಳಿಯಲ್ಲಿಯೇ ಎಡಬಲಕ್ಕೆ ತುಸು ವಾಲಬಹುದು. ಓಡಿ ಬಂದು ಹಾರಿದರೆ ಇನ್ನೂ ಎತ್ತರ. ನ್ಯೂಟನ್ ಒಪ್ಪದ ಈ ಹಾರಾಟವನ್ನು ನಮ್ಮ ಬೆರಳು ಒಪ್ಪುತ್ತದೆ. ಬಿದ್ದಾಗ 'ಯಂತ್ರ ಮೋಸ ಮಾಡಿತು' ಎನ್ನಿಸುವುದಿಲ್ಲ, 'ನಾನು ಒಂದು ಕ್ಷಣ ಮುಂಚೆ ಬೆರಳೆತ್ತಿದೆ' ಎನ್ನಿಸುತ್ತದೆ. ತಪ್ಪು ಯಾರದೆಂದು ಸ್ಪಷ್ಟವಾಗಿದ್ದರೆ ಅದನ್ನು ತಿದ್ದಿಕೊಳ್ಳುವ ಹುಮ್ಮಸ್ಸು ತಾನಾಗಿ ಬರುತ್ತದೆ.

ಇಷ್ಟೆಲ್ಲ ಮಾಡಿದವರ ಬಳಿ ಎಷ್ಟು ಸಾಮಗ್ರಿ ಇತ್ತು ಗೊತ್ತೆ? ಇಡೀ ಆಟ 40 ಕಿಲೋಬೈಟ್: 32 ಸೂಚನೆಗಳಿಗೆ, 8 ಚಿತ್ರಗಳಿಗೆ. ನಿಮ್ಮ ಮೊಬೈಲಿನಲ್ಲಿ ತೆಗೆದ 4 ಮೆಗಾಬೈಟಿನ ಒಂದೇ ಒಂದು ಫೋಟೋದ ಜಾಗದಲ್ಲಿ ಇಂಥ ನೂರು ಆಟಗಳು ಹಿಡಿಸುತ್ತವೆ. ಯಂತ್ರದ ಕೆಲಸದ ಸ್ಮೃತಿ ಕೇವಲ 2 ಕಿಲೋಬೈಟ್. ಆದ್ದರಿಂದ ಒಂದೊಂದು ಚುಕ್ಕಿಗೂ ಜುಗ್ಗತನ. ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಹೋಲಿಸಿ ನೋಡಿ, ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ನಾನು ಹತ್ತು ವರ್ಷ ಆಡಿಯೂ ಇದನ್ನು ಗಮನಿಸಿರಲಿಲ್ಲ! ಗೂಂಬಾ ಹುಟ್ಟಿದ್ದು ಕೆಲಸ ಮುಗಿಯುತ್ತ ಬಂದಾಗ. ಆಮೆಯಂಥ ಶತ್ರುವೇ ಮೊದಲು ಎದುರಾದರೆ ಹೊಸಬರಿಗೆ ಕಷ್ಟವೆನಿಸಿ, ಇನ್ನೂ ಸುಲಭದ ಒಬ್ಬ ಶತ್ರು ಬೇಕಾಯಿತು. ಆದರೆ ಜಾಗ ಉಳಿದಿರಲಿಲ್ಲ. ಹಾಗಾಗಿ ಒಂದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚುತ್ತ ಅದನ್ನು ನಡೆಸಿದರು. ಹೊಸಬನ ಮೇಲಿನ ಕನಿಕರದಿಂದ, ಉಳಿದಿದ್ದ ಚೂರುಪಾರು ಜಾಗದಲ್ಲಿ ಹುಟ್ಟಿದ ಶತ್ರು ಅದು.

ಮಾರಿಯೋನ ರೂಪವೂ ಹೀಗೆಯೇ ಬಂದದ್ದು. ನಿಂಟೆಂಡೋ 1889ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಆರಂಭವಾದ ಸಂಸ್ಥೆ. ಕೈಗಾರಿಕಾ ವಿನ್ಯಾಸ ಓದಿದ್ದ ಮಿಯಾಮೊಟೊ 1977ರಲ್ಲಿ ಅಲ್ಲಿಗೆ ಸೇರಿದರು. 1981ರ 'ಡಾಂಕಿ ಕಾಂಗ್' ಆಟಕ್ಕೆ ಅವರಿಗೊಬ್ಬ ನಾಯಕ ಬೇಕಿತ್ತು. ಉದ್ದಗಲ ಹದಿನಾರು ಹದಿನಾರು ಚುಕ್ಕಿಗಳ ಚೌಕದಲ್ಲಿ ಬಾಯಿ ಬರೆಯಲಾಗದು, ಮೀಸೆ ಇಟ್ಟರು. ಕೂದಲು ಬರೆಯಲಾಗದು, ಟೋಪಿ ಹಾಕಿದರು. ಓಡುವಾಗ ತೋಳಿನ ಚಲನೆ ಕಾಣಲೆಂದು ತೋಳಿಗೊಂದು ಬಣ್ಣ, ಮೈಗೊಂದು ಬಣ್ಣ ಬರುವಂತೆ ಕೆಲಸಗಾರರ ಉಡುಪು ತೊಡಿಸಿದರು. ಆಗ ಅವನ ಹೆಸರು 'ಜಂಪ್‌ಮ್ಯಾನ್', ವೃತ್ತಿಯಲ್ಲಿ ಬಡಗಿ. ಕೊಳಾಯಿ ರಿಪೇರಿಯವನಾದದ್ದು 1983ರ 'ಮಾರಿಯೋ ಬ್ರದರ್ಸ್' ಆಟದಲ್ಲಿ. ಅಮೆರಿಕದಲ್ಲಿ ಸಂಸ್ಥೆ ಬಾಡಿಗೆಗೆ ಪಡೆದಿದ್ದ ಉಗ್ರಾಣದ ಮಾಲೀಕರಾಗಿದ್ದ ಮಾರಿಯೋ ಸೆಗಾಲೆ ಎಂಬುವರ ಹೆಸರೇ ಅವನಿಗೆ ಬಂತು.

ಸಂಗೀತದ ಮಾತು ಬಿಟ್ಟರೆ ಅಪಚಾರವಾದೀತು. ಕೋಜಿ ಕೊಂಡೊ ಅವರ ಬಳಿ ಸ್ವರಕ್ಕೆ ಮೂರು ದನಿ, ತಾಳಕ್ಕೆ ಒಂದು ಬುಸುಗುಟ್ಟುವ ಸದ್ದು, ಇಷ್ಟೇ ಇತ್ತೆನ್ನಬಹುದು. ಅವರು ರಾಗವನ್ನು ಕಟ್ಟಿದ್ದು ಮಾರಿಯೋನ ಓಟ ನೆಗೆತಗಳ ಲಯಕ್ಕೆ ಹೊಂದುವಂತೆ. ಗಡಿಯಾರದಲ್ಲಿ 100 ಉಳಿದಾಗ ರಾಗದ ಗತಿ ದುಗುಣದತ್ತ ಓಡುತ್ತದೆ, ಎದೆಬಡಿತವೂ. (ಆ ಗಡಿಯಾರ ಹೇಳುವುದು ನಿಜವಾದ ಸೆಕೆಂಡುಗಳಲ್ಲ. ಅದರ 400 ಎಂದರೆ ಸುಮಾರು 160 ಸೆಕೆಂಡು.) ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂದಿನ ಪೀಳಿಗೆಗಾಗಿ ಕಾಪಿಡುವ ಧ್ವನಿಮುದ್ರಣಗಳ ಪಟ್ಟಿಗೆ 2023ರಲ್ಲಿ ಈ ರಾಗವನ್ನು ಸೇರಿಸಿತು. ವಿಡಿಯೋ ಆಟವೊಂದರ ಸಂಗೀತ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ಈ ಸರಣಿ ಎಂದೂ ಎಡವಲಿಲ್ಲ ಎಂದು ತಿಳಿಯಬೇಡಿ. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೆಯ ಭಾಗ ಹಳಬರಿಗಾಗಿ ಮಾಡಿದ್ದು. ಅದರಲ್ಲಿ ವಿಷದ ಅಣಬೆ ಬಂತು, ಹಾರಾಟ ಕೆಡಿಸುವ ಗಾಳಿ ಬಂತು. ಮೊದಲ ಆಟ ಕೊಟ್ಟಿದ್ದ ನಂಬಿಕೆಯನ್ನು ಇದು ಮುರಿಯಿತು. ಅಣಬೆ ಒಳ್ಳೆಯದು ಎಂದು ಕಲಿಸಿದ ಮೇಷ್ಟ್ರೇ ಅದನ್ನು ತಿಂದವನನ್ನು ಕೊಂದಂತೆ! ಅಮೆರಿಕದ ಕಚೇರಿ ಇದು ತೀರ ಕಷ್ಟವೆಂದು ಒಲ್ಲೆನೆಂದಿತು. ಬದಲಿಗೆ 'ಡೋಕಿ ಡೋಕಿ ಪ್ಯಾನಿಕ್' ಎಂಬ ಬೇರೊಂದು ಆಟಕ್ಕೆ ಮಾರಿಯೋ ವೇಷ ತೊಡಿಸಿ 1988ರಲ್ಲಿ ಅಲ್ಲಿ ಎರಡನೆಯ ಭಾಗವೆಂದು ಮಾರಿದರು. ಇನ್ನೊಂದು ದೋಷ ಹೆಚ್ಚು ಕಾಲ ಉಳಿಯಿತು. ರಾಜಕುಮಾರಿಯನ್ನು ರಾಕ್ಷಸ ಹೊತ್ತೊಯ್ಯುವುದು, ನಾಯಕ ಬಿಡಿಸಿ ತರುವುದು, ಇದೇ ಕಥೆ ದಶಕಗಳವರೆಗೆ. ನನ್ನ ತಂಗಿ ಅಂದೇ ಕೇಳಿದ್ದಳು, "ಅಣ್ಣಾ, ಅವಳೇ ಯಾಕೆ ಹಾರಿ ಬರಬಾರದು?" ಎಂದು. ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕದ ಆ 1988ರ ಆಟದಲ್ಲಿ ರಾಜಕುಮಾರಿಯಾಗಿ ಆಡಲು ಸಾಧ್ಯವಿತ್ತು ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

1988ರ ಮೂರನೆಯ ಭಾಗ, 1990ರ 'ಸೂಪರ್ ಮಾರಿಯೋ ವರ್ಲ್ಡ್' ಇವೆಲ್ಲ ದೊಡ್ಡ ಆಟಗಳೇ, ಆದರೆ ನಾನು ಇಲ್ಲಿ ನಿಲ್ಲಿಸಿ ತೋರಿಸಬೇಕೆಂದಿರುವುದು 1996ರ 'ಸೂಪರ್ ಮಾರಿಯೋ 64'ನ್ನು. ಪರದೆ ಆಳವನ್ನೂ ಪಡೆಯಿತು. ಈಗ ಬಲಕ್ಕೆ ಎಂಬ ಒಂದೇ ದಿಕ್ಕಿಲ್ಲ, ಸುತ್ತ ಎಲ್ಲ ಕಡೆಯೂ ಹೋಗಬಹುದು. ಹಾಗಾದರೆ ಹೊಸಬನಿಗೆ ಕಲಿಸುವುದು ಹೇಗೆ? ಆಟ ಆರಂಭವಾಗುವುದು ಕೋಟೆಯ ಮುಂದಿನ ಹುಲ್ಲಿನ ಅಂಗಳದಲ್ಲಿ. ಅಲ್ಲಿ ಶತ್ರುಗಳಿಲ್ಲ. ಮರ ಹತ್ತಬಹುದು, ಕೊಳದಲ್ಲಿ ಈಜಬಹುದು, ಸುಮ್ಮನೆ ಲಾಗ ಹಾಕಬಹುದು. ಒಳಗೆ ಹೋಗೆಂದು ಯಾರೂ ಅವಸರಿಸುವುದಿಲ್ಲ. ನೋಡುವ ಕೋನವನ್ನು ತೋರಿಸುವ ಕ್ಯಾಮೆರಾವನ್ನೂ ಮೋಡದ ಮೇಲೆ ಕುಳಿತ ಪಾತ್ರವೊಂದು ಹಿಡಿದಿರುವಂತೆ ಚಿತ್ರಿಸಿ, ಹೊಸ ವಿಷಯವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಹಿಂದಿನ ಮೆಟ್ಟಿಲ ನಡುವಿನ ಗಟ್ಟಿ ನೆಲವೇ ಇಲ್ಲಿ ಇಡೀ ಅಂಗಳವಾಗಿದೆ ಎನ್ನಬಹುದು. ಮುಂದೆ 2011ರ '3ಡಿ ಲ್ಯಾಂಡ್' ನಿರ್ದೇಶಕ ಕೋಯಿಚಿ ಹಯಾಶಿದಾ ಇದಕ್ಕೊಂದು ಹೆಸರನ್ನೇ ಕೊಟ್ಟರು. ಪೂರ್ವ ಏಷ್ಯಾದ ಕವಿತೆ, ಕಥೆಗಳಲ್ಲಿ ಬಳಕೆಯಲ್ಲಿರುವ 'ಕಿಶೋತೆಂಕೆತ್ಸು' ಎಂಬ ನಾಲ್ಕು ಹೆಜ್ಜೆಗಳ ಕ್ರಮ ಅದು: ಹೊಸದನ್ನು ನಿರಪಾಯವಾಗಿ ಪರಿಚಯಿಸು, ಬೆಳೆಸು, ಅನಿರೀಕ್ಷಿತವಾಗಿ ತಿರುಗಿಸು, ಮುಗಿಸು.

ಈ ಪಾಠ ಮಾರಿಯೋನಲ್ಲಿಯೇ ಉಳಿಯಲಿಲ್ಲ. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಎಂಬ ಇಬ್ಬರು ಯುವಕರು ರಾತ್ರಿಯಿಡೀ ಕುಳಿತು, ಮಾರಿಯೋ ಮೂರನೆಯ ಭಾಗದ ಮೊದಲ ಹಂತವನ್ನು ಸಾಮಾನ್ಯ ಕಂಪ್ಯೂಟರಿನ ಪರದೆಯ ಮೇಲೆ ಓಡಿಸಿಬಿಟ್ಟರು. ಅಂದಿನ ಕಂಪ್ಯೂಟರುಗಳಲ್ಲಿ ಪರದೆ ಹೀಗೆ ನಯವಾಗಿ ಸರಿಯುವುದು ಆಗದ ಮಾತು ಎಂದೇ ನಂಬಿಕೆಯಿತ್ತು. ಅವರ ಗೆಳೆಯರ ಬಳಗ ಇಡೀ ಆಟವನ್ನು ಕಂಪ್ಯೂಟರಿಗೆ ತರುವ ಪ್ರಸ್ತಾಪವನ್ನು ನಿಂಟೆಂಡೋಗೆ ಕಳುಹಿಸಿತು. ಸಂಸ್ಥೆ ಬೇಡವೆಂದಿತು. ಅದೇ ತಂತ್ರದಿಂದ ಅವರು ತಮ್ಮದೇ 'ಕಮಾಂಡರ್ ಕೀನ್' ಮಾಡಿದರು, ಇಡ್ ಸಾಫ್ಟ್‌ವೇರ್ ಕಟ್ಟಿದರು, 1993ರಲ್ಲಿ 'ಡೂಮ್' ತಂದರು. ಬೇಡವೆಂಬ ಒಂದು ಉತ್ತರದಿಂದ ಇನ್ನೊಂದು ಮನೆತನವೇ ಬೆಳೆಯಿತು. 2018ರ 'ಸೆಲೆಸ್ಟ್' ಎಂಬ ಆಟ ಬಹಳ ಕಠಿಣ. ಆದರೆ ಸತ್ತ ಕ್ಷಣದಲ್ಲೇ ಮತ್ತೆ ಅದೇ ಕೋಣೆಯಲ್ಲಿ ಎದ್ದು ನಿಲ್ಲುತ್ತೀರಿ. ಕಟ್ಟೆಯ ಅಂಚು ದಾಟಿದ ಮೇಲೂ ಹಾರಲು ಕಣ್ಣಿಗೆ ಕಾಣದಷ್ಟು ಸಣ್ಣ ಸಮಯವನ್ನು ಅದು ದಯಪಾಲಿಸುತ್ತದೆ. ಮಾರಿಯೋನ ಮೊಮ್ಮಗಳೆಂದು ನಾನು ಅದನ್ನು ಕರೆಯುತ್ತೇನೆ.

ಕೊನೆಗೊಂದು ಪ್ರಸಂಗ. 2015ರಲ್ಲಿ ನಿಂಟೆಂಡೋ 'ಸೂಪರ್ ಮಾರಿಯೋ ಮೇಕರ್' ಎಂಬುದನ್ನು ಹೊರತಂದಿತು. ಇದರಲ್ಲಿ ಆಟಗಾರರೇ ಹಂತಗಳನ್ನು ರಚಿಸಿ ಜಗತ್ತಿನ ಇತರರಿಗೆ ಕಳುಹಿಸಬಹುದಾಗಿತ್ತು. ಒಂದೇ ಷರತ್ತು, ರಚಿಸಿದವರು ಮೊದಲು ತಾವೇ ಅದನ್ನು ದಾಟಿ ತೋರಿಸಬೇಕು. ಲಕ್ಷಗಟ್ಟಲೆ ಹಂತಗಳು ಬಂದವು. ಅವುಗಳಲ್ಲಿ ಬೇರೆ ಯಾರೂ ದಾಟದೆ ಉಳಿದವು ಎಷ್ಟೋ. ಅಭಿಮಾನಿಗಳ ಗುಂಪೊಂದು ಇವನ್ನೆಲ್ಲ ಒಂದೊಂದಾಗಿ ದಾಟಿಬಿಡೋಣ ಎಂದು ಹೊರಟಿತು. 2021ರಲ್ಲಿ ಹೊಸ ಹಂತಗಳನ್ನು ಸ್ವೀಕರಿಸುವುದು ನಿಂತಿತು. 2024ರ ಏಪ್ರಿಲ್ 8ರಂದು ಇಡೀ ಸೇವೆಯೇ ಮುಚ್ಚುವುದೆಂದು ಪ್ರಕಟವಾಯಿತು. ಆ ವರ್ಷದ ಮಾರ್ಚ್ ಹೊತ್ತಿಗೆ ಉಳಿದದ್ದು ಬೆರಳೆಣಿಕೆಯಷ್ಟು, ಕೊನೆಗೆ ಎರಡೇ. ಅವುಗಳಲ್ಲಿ 'ಟ್ರಿಮ್ಮಿಂಗ್ ದ ಹರ್ಬ್ಸ್' ಎಂಬುದು ಕೆಲವೇ ಸೆಕೆಂಡುಗಳ ಹಂತ. ಸಾವಿರಾರು ಸಲ ಪ್ರಯತ್ನಿಸಿದವರಿದ್ದರು. ಆಗ ಅದರ ಕರ್ತೃ ಒಪ್ಪಿಕೊಂಡರು: ತಾನು ಅದನ್ನು ಕೈಯಿಂದ ದಾಟಿರಲಿಲ್ಲ, ಯಂತ್ರದ ನೆರವಿನಿಂದ ದಾಟಿಸಿದ್ದೆ ಎಂದು. ಹೀಗಾಗಿ ನ್ಯಾಯವಾಗಿ ಕೊನೆಯದೆನಿಸಿದ್ದು 'ದ ಲಾಸ್ಟ್ ಡ್ಯಾನ್ಸ್' ಎಂಬ ಹಂತ. ಬಾಗಿಲು ಮುಚ್ಚುವ ಮುನ್ನವೇ ಒಬ್ಬ ಆಟಗಾರ ಅದನ್ನೂ ದಾಟಿದ್ದ. ಸುಳ್ಳಿನಿಂದ ಹುಟ್ಟಿದ ಆ ಇನ್ನೊಂದನ್ನೂ, ಲೆಕ್ಕಕ್ಕಿಲ್ಲವೆಂದು ತಿಳಿದೂ, ಸೇವೆ ನಿಲ್ಲುವ ಮುನ್ನ ಬರಿಗೈಯಲ್ಲಿ ದಾಟಿದವರಿದ್ದಾರೆ.

ಆ ವಾರ ನಾನು ಮೌಲ್ಯಮಾಪನದ ಉತ್ತರಪತ್ರಿಕೆಗಳನ್ನು ಬದಿಗಿಟ್ಟು, ರಾತ್ರಿ ಬಹಳ ಹೊತ್ತು ಅವರ ಪ್ರಯತ್ನಗಳ ದೃಶ್ಯಗಳನ್ನು ನೋಡುತ್ತ ಕುಳಿತಿದ್ದೆ. ಪಕ್ಕದಲ್ಲಿ ತಂಗಿಯ ಮಗಳು, ಎರಡನೆಯ ತರಗತಿಯವಳು. "ಮಾಮಾ, ಇವರು ಇಷ್ಟು ಸಲ ಸತ್ತರೂ ಬೇಜಾರಿಲ್ವಾ?" ಎಂದಳು. ಮರುದಿನ ಅವಳ ಕೈಗೆ ಆ 1985ರ ಆಟವನ್ನು ಕೊಟ್ಟೆ, ಏನನ್ನೂ ಹೇಳಿಕೊಡಲಿಲ್ಲ. ಅವಳು ಬಲಕ್ಕೆ ನಡೆದಳು. ಗೂಂಬಾ ಬಂತು, ಸತ್ತಳು. ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಮತ್ತೆ ಬಲಕ್ಕೆ ನಡೆದು, ಅದು ಹತ್ತಿರ ಬರುವವರೆಗೆ ಕಾದು, ಹಾರಿದಳು.